ತಮಟೆ ಸುಮ್ಮನಾದ ವರ್ಷ

ಗಂಗಮ್ಮನ ಗುಡಿ ಮುಂದೆ ಡಿಜೆ ಬಾಕ್ಸುಗಳು ಎದೆ ನಡುಗುವಂತೆ ಬಡಿಯುತ್ತಿದ್ದವು. ಬಣ್ಣದ ಲೈಟು ಬೇವಿನ ಮರದ ತುಂಬ ಸುತ್ತುತ್ತಿತ್ತು. ನಡುವೆ ಪೂಜಾರಪ್ಪ ನಿಂತಿದ್ದರು. ಮೈಗೆಲ್ಲ ಅರಿಶಿನ, ಕೈಯಲ್ಲಿ ಬೇವಿನ ಸೊಪ್ಪು, ಮುಚ್ಚಿದ ಕಣ್ಣು. ಪ್ರತಿ ವರ್ಷ ಆ ಹೊತ್ತಿಗೆ ಅಮ್ಮ ಅವರ ಮೈಮೇಲೆ ಬಂದು, ಮಳೆ ಬೆಳೆ ಹೇಳಿ, ಒಂದಿಬ್ಬರನ್ನು ಗದರಿಸಿ ಹೋಗಿಯೂ ಆಗಿರುತ್ತಿತ್ತು. ಆ ರಾತ್ರಿ ಹತ್ತು ನಿಮಿಷ ಆಯಿತು, ಅರ್ಧ ಗಂಟೆ ಆಯಿತು, ಅಮ್ಮ ಬರಲಿಲ್ಲ. ಡಿಜೆ ಹುಡುಗ ಪಾಪ, ಹಾಡು ಬದಲಿಸಿ ನೋಡಿದ. ಕೊನೆಗೆ ಪೂಜಾರಪ್ಪ ಕಣ್ಣು ಬಿಟ್ಟು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ತಮಟೆ ಇಲ್ದೆ ಹೆಂಗೆ ಬರ್ತಾಳಪ್ಪ?"

ಇದು 2023ರ ಮೇ ತಿಂಗಳ ಮಾತು. ವಿಧಾನಸಭೆ ಚುನಾವಣೆ ಮುಗಿದು ಒಂದು ವಾರ ಆಗಿತ್ತು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರು. ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು. ನಾನು ಅದೇ ಊರಿನವನು, ಹತ್ತಿರದ ಹೋಬಳಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಮ್ಮೂರಿನ ಮಕ್ಕಳೂ ಅಲ್ಲಿಗೇ ಬರುತ್ತಾರೆ. ನಮ್ಮದು ಊರೊಳಗಿನ ಮನೆ, ದಲಿತರ ಕಾಲೋನಿಯದಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ, ನನ್ನ ಮಾತನ್ನು ಎಷ್ಟು ನಂಬಬೇಕು ಅಂತ ಓದುವವರೇ ಲೆಕ್ಕ ಹಾಕಿಕೊಳ್ಳಬಹುದು.

ಸಂಗೀತ ಜನರನ್ನು ಒಂದು ಮಾಡುತ್ತದೆ ಅಂತ ಶಾಲೆಯ ವೇದಿಕೆ ಮೇಲೆ ವರ್ಷಗಟ್ಟಲೆ ಭಾಷಣ ಮಾಡಿದವನು ನಾನು. ಈಗ ಆ ಮಾತು ಬಾಯಿಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ನಮ್ಮೂರಲ್ಲಿ ಏನಾದರೂ ಸ್ವಲ್ಪ ಅಲುಗಿದ್ದರೆ ಅದು ತಮಟೆ ಬಾರಿಸಿದ್ದರಿಂದಲ್ಲ, ಒಂದು ವರ್ಷ ಬಾರಿಸದೇ ಇದ್ದದ್ದರಿಂದ.

ತಮಟೆ ಯಾರದ್ದು

ನಮ್ಮ ಕಡೆ ಊರ ಹಬ್ಬಕ್ಕೂ ತಮಟೆ, ಮದುವೆಗೂ ತಮಟೆ, ಹೆಣದ ಮುಂದೆಯೂ ತಮಟೆ. ಬಾರಿಸುವವರು ಮಾತ್ರ ಒಂದೇ ಕೇರಿಯವರು. ಹಿಂದೆ ಊರಿನ ಚಾಕರಿಗೆ ತೋಟಿ ಅಂತ ವಂಶದ ಹುದ್ದೆ ಇತ್ತು, ಅದಕ್ಕೆ ಒಂದಿಷ್ಟು ಇನಾಮ್ತಿ ಜಮೀನೂ ಇತ್ತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಹುದ್ದೆ ಹೋಯಿತು, ಕೆಲಸ ಹೋಗಲಿಲ್ಲ. ಸುಗ್ಗಿಯಲ್ಲಿ ಇಷ್ಟು ರಾಗಿ, ಹಬ್ಬದಲ್ಲಿ ಅರ್ಧ ಹೋಳು ಕಾಯಿ, ಒಂದು ಬಾಟ್ಲಿ, ಎಲ್ಲರದ್ದೂ ಆದ ಮೇಲೆ ದೂರದಲ್ಲಿ ಊಟ. ಇದು ಕೂಲಿ ಅಲ್ಲ, ಹಕ್ಕೂ ಅಲ್ಲ. "ಹಿಂದಿನಿಂದ ಬಂದದ್ದು" ಅನ್ನುವ ಒಂದೇ ಮಾತಿನಲ್ಲಿ ಅದರ ಲೆಕ್ಕ ಮುಗಿಯುತ್ತಿತ್ತು.

2007ರ ತನಕ ನಮ್ಮ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯೇ. 2011ರ ಜನಗಣತಿ ಪ್ರಕಾರ ಕೋಲಾರದಲ್ಲಿ ನೂರಕ್ಕೆ ಸುಮಾರು 30 ಜನ ಪರಿಶಿಷ್ಟ ಜಾತಿಯವರು, ನಮ್ಮ ಜಿಲ್ಲೆಯಲ್ಲಿ ಸುಮಾರು 25. ಈ ಸೀಮೆಯಲ್ಲಿ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳು ಹಾಡಿಲ್ಲದೆ ಹೊರಟದ್ದೇ ಇಲ್ಲ. ಕೋಟಿಗಾನಹಳ್ಳಿ ರಾಮಯ್ಯನವರು ಹಾಡು ಬರೆದದ್ದು, ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದ್ದು ಈ ನೆಲದಲ್ಲೇ. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆ ರಾತ್ರಿ ಹಾಡು, ನಾಟಕ ಅಂತ ಜನ ಸೇರಿಸಿದ್ದೂ ಇಲ್ಲೇ. ಹಾಗೆಯೇ 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದದ್ದೂ ಇದೇ ಸೀಮೆ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಆ ಹೆಸರನ್ನು ನಮ್ಮ ಕಡೆ ಯಾರೂ ಜೋರಾಗಿ ಹೇಳುವುದಿಲ್ಲ. ಆದರೆ ಊರಲ್ಲಿ ಚಿಕ್ಕ ಮಾತಿಗೆ ಮಾತು ಬೆಳೆದರೂ ಎಲ್ಲರ ತಲೆಯಲ್ಲಿ ಓಡುವುದು ಅದೇ. ನಮ್ಮೂರ ಹಬ್ಬಕ್ಕೆ ಎಂಟು ತಿಂಗಳ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ಉತ್ಸವದ ದೇವರ ಕೋಲು ಮುಟ್ಟಿದ ಅಂತ ಆ ಮನೆಯವರಿಗೆ 60 ಸಾವಿರ ದಂಡ ಹಾಕಿದ್ದು ಪೇಪರಿನಲ್ಲೆಲ್ಲ ಬಂದಿತ್ತು.

ನಮ್ಮೂರಲ್ಲಿ ಹಾಡಿಗೆ ಬರ ಇರಲಿಲ್ಲ, ಅದನ್ನೂ ಹೇಳಬೇಕು. ಶನಿವಾರ ರಾತ್ರಿ ಭಜನೆ ಮನೆಯಲ್ಲಿ ಪಂಡರಿ ಭಜನೆ. ಕೈವಾರ ತಾತಯ್ಯನವರ ಪದಗಳು, ತೆಲುಗಿನಲ್ಲಿ, ಕನ್ನಡದಲ್ಲಿ. ತಾತಯ್ಯ ಬಳೆ ಮಲಾರ ಹೊತ್ತು ಊರೂರು ತಿರುಗಿದವರು. ಒಳಗಿರುವವನು ಎಲ್ಲರಲ್ಲೂ ಒಬ್ಬನೇ ಅಂತ ಪದ ಕಟ್ಟಿದವರು. ಆ ಪದವನ್ನು ನಾವು ಒಳಗೆ ಕೂತು ತಾಳ ಹಾಕಿ ಹಾಡುತ್ತಿದ್ದೆವು. ಕಾಲೋನಿಯವರು ಹೊಸಿಲಾಚೆ ನಿಂತು ಅದೇ ಪದಕ್ಕೆ ದನಿ ಸೇರಿಸುತ್ತಿದ್ದರು. ನಲವತ್ತು ವರ್ಷ ಇದನ್ನು ನೋಡುತ್ತಿದ್ದರೂ ನನಗೆ ಏನೂ ಅನ್ನಿಸಿರಲಿಲ್ಲ.

ಅರಳೀಕಟ್ಟೆಯಲ್ಲಿ ಮೂರು ಮಾತು

ಕಾಲೋನಿಯ ಆರು ಹುಡುಗರದ್ದು ಒಂದು ತಮಟೆ ಸೆಟ್ಟು. ಒಂದೇ ಬಣ್ಣದ ಅಂಗಿ, ತಲೆಗೊಂದು ರುಮಾಲು. ಹೊರಗೆ ಒಳ್ಳೆ ಬೇಡಿಕೆ. ಮದುವೆ, ಗಣೇಶ, ಬೆಂಗಳೂರಿನ ಕಡೆ ರಾಜ್ಯೋತ್ಸವ. ಆ ಏಪ್ರಿಲ್‌ನಲ್ಲಂತೂ ಚುನಾವಣೆ. ಬೆಳಗ್ಗೆ ಒಂದು ಪಕ್ಷದ ಶಾಲು, ಸಂಜೆ ಇನ್ನೊಂದರದ್ದು. ಒಬ್ಬೊಬ್ಬರಿಗೆ ದಿನಕ್ಕೆ ಸಾವಿರ, ಮೇಲೆ ಬಿರಿಯಾನಿ. ಊರಿಗೆ ಬಂದರೆ ಅದೇ ಅರ್ಧ ಹೋಳು ಕಾಯಿ.

ಅದೇ ವರ್ಷ ಇನ್ನೊಂದು ಆಯಿತು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಆ ಫೋಟೋ ಹುಡುಗರ ಮೊಬೈಲಿನಲ್ಲೆಲ್ಲ ಓಡಾಡಿತು. ಸೆಟ್ಟಿನ ಯಜಮಾನಿಕೆ ಮಾಡುವ ಹುಡುಗ ನನ್ನ ಹಳೇ ವಿದ್ಯಾರ್ಥಿ. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಅಂದ: "ನೋಡಿ ಸಾರ್, ತಮಟೆಗೆ ದಿಲ್ಲಿಯವರು ಪದ್ಮಶ್ರೀ ಕೊಟ್ರು. ನಮ್ಮೂರಲ್ಲಿ ಚಪ್ಪರದ ಕೆಳಗೆ ಜಾಗ ಕೊಡಲ್ಲ."

ಹಬ್ಬಕ್ಕೆ ಹದಿನೈದು ದಿನ ಇರುವಾಗ ಅರಳೀಕಟ್ಟೆಯಲ್ಲಿ ಊರು ಸೇರಿತು. ಹುಡುಗರು ಮೂರು ಮಾತು ಇಟ್ಟರು. ವಾಲಗದವರನ್ನು ಕರೆಯುವ ಹಾಗೆ ನಮ್ಮನ್ನೂ ವೀಳ್ಯ ಕೊಟ್ಟು ಕರೆಯಿರಿ. ಹೊರಗಿನವರು ಕೊಡುವ ಕೂಲಿಯಲ್ಲಿ ಅರ್ಧವಾದರೂ ಕೊಡಿ. ನಮ್ಮ ಹೆಂಗಸರ ತಂಬಿಟ್ಟಿನ ದೀಪ ನಿಮ್ಮವರ ಸಾಲಿನಲ್ಲೇ ಬರಲಿ.

ಮೂರನೆಯದು ಕೇಳಿದ್ದೇ ಕಟ್ಟೆ ತಣ್ಣಗಾಯಿತು. ತಂಬಿಟ್ಟಿನ ದೀಪ ಅಂದರೆ ನಮ್ಮ ಕಡೆ ಹಬ್ಬದ ಜೀವ. ಅಕ್ಕಿ ಹಿಟ್ಟು ಬೆಲ್ಲ ಕಲಸಿ, ದೀಪ ತಿದ್ದಿ, ತುಪ್ಪದ ಬತ್ತಿ ಇಟ್ಟು, ಸುತ್ತ ಕನಕಾಂಬರ ಸುತ್ತಿ ತಲೆ ಮೇಲೆ ಹೊತ್ತು ಸಾಲಾಗಿ ಬರುತ್ತಾರೆ. ಊರವರ ದೀಪ ಸಂಜೆ. ಕಾಲೋನಿಯವರದ್ದು ರಾತ್ರಿ ಎಲ್ಲ ಮುಗಿದ ಮೇಲೆ.

ನನ್ನ ದೊಡ್ಡಪ್ಪನೇ ಬಾಯಿಬಿಟ್ಟರು. "ದುಡ್ಡಿನ ಮಾತು ಬೇಕಾದ್ರೆ ಆಡೋಣ ಕಣ್ರೋ. ದೀಪದ ಮಾತು ಬೇಡ."

"ಹಂಗಾದ್ರೆ ತಮಟೆ ಮಾತೂ ಬೇಡ ಗೌಡ್ರೇ" ಅಂದು ಹುಡುಗರು ಎದ್ದು ಹೋದರು.

ಕಾಲೋನಿ ಎಲ್ಲ ಒಂದೇ ಮನಸ್ಸಾಗಿತ್ತು ಅಂದರೆ ಸುಳ್ಳಾಗುತ್ತದೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ತಾತ ಇದ್ದಾರೆ. ಸುತ್ತ ಹತ್ತು ಊರಿಗೆ ಅವರಂಥ ಕೈ ಇಲ್ಲ. ಅವರು ಹುಡುಗರಿಗೆ ಉಗಿದರು: "ಅಮ್ಮನ ಸೇವೆಗೆ ರೇಟು ಕಟ್ತೀರೇನ್ರೋ?" ನರಸಾಪುರದ ಫ್ಯಾಕ್ಟರಿಗೆ ಹೋಗುವ ಇನ್ನೊಬ್ಬನದು ಪೂರಾ ಉಲ್ಟಾ. ತಮಟೆಯನ್ನೇ ಕೆರೆಗೆ ಎಸೆಯಿರಿ, ಹೆಣದ ಮುಂದೆ ಬಡಿಯುವುದು ಯಾವ ಸೀಮೆ ಕಲೆ ಅಂತ ಅವನ ವಾದ. ಈ ಜಗಳ ಅವರಿಬ್ಬರಿಗಿಂತ ಹಳೇದು. ತಮಟೆಯನ್ನು ಬಿಸಾಕಿದರೆ ಅವಮಾನ ಹೋಗುತ್ತದೋ, ಎತ್ತಿ ಹಿಡಿದರೆ ಹೋಗುತ್ತದೋ ಅಂತ ಹೋರಾಟದವರೂ ವರ್ಷಗಳಿಂದ ಕಿತ್ತಾಡಿದ್ದಾರೆ. ಊರೊಳಗೆ ಕೂತು ನಾನು ಅದಕ್ಕೆ ತೀರ್ಪು ಕೊಡಲಾರೆ.

ಹೀಗೆ ಆ ವರ್ಷ ಡಿಜೆ ಬಂತು, ಅಮ್ಮ ಬರಲಿಲ್ಲ. ಹುಡುಗರು ಕೆರೆ ಕಟ್ಟೆ ಮೇಲೆ ಕೂತು ದೂರದಿಂದ ಲೈಟು ನೋಡುತ್ತಿದ್ದರಂತೆ.

ಹುಳು ಕಾಯಲಿಲ್ಲ

ಮಾರನೇ ದಿನದಿಂದ ಕಾಲೋನಿಯವರನ್ನು ಕೂಲಿಗೆ ಕರೆಯುವುದು ನಿಂತಿತು. ಯಾರೂ ಸಭೆ ಸೇರಿಸಿ ತೀರ್ಮಾನ ಮಾಡಲಿಲ್ಲ, ಸುಮ್ನೆ ನಿಂತಿತು. ಅಂಗಡಿಯಲ್ಲಿ ಸಾಲ ಕೇಳಿದರೆ ಸ್ಟಾಕ್ ಖಾಲಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಪ್ರಕಾರ ಇಂಥ ಬಹಿಷ್ಕಾರ ಅಪರಾಧ. ಹುಡುಗರಿಗೆ ಅದು ಗೊತ್ತಿತ್ತು. ಅರ್ಜಿ ಬರೆಸಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಜೇಬಿನಲ್ಲಿದೆ ಅಂತ ಊರವರಿಗೂ ಗೊತ್ತಿತ್ತು.

ಆದರೆ ಇದನ್ನು ಮುರಿದದ್ದು ಅರ್ಜಿಯಲ್ಲ, ರೇಷ್ಮೆ ಹುಳು. ನಮ್ಮೂರು ಬದುಕುವುದೇ ಗೂಡಿನ ದುಡ್ಡಿನಲ್ಲಿ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಒಂದು ವಾರ ಅದಕ್ಕೆ ಹುಚ್ಚು ಹಸಿವು. ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ತಿನ್ನುತ್ತದೆ. ಹುಳುಮನೆಯಲ್ಲಿ ನಿಂತರೆ ಮಳೆ ಬಿದ್ದ ಹಾಗೆ ಸದ್ದು. ಆಮೇಲೆ ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಅದು ಜಾತಿ ಕೇಳಿಕೊಂಡು ಕಾಯುವುದಿಲ್ಲ. ದೊಡ್ಡಪ್ಪ ಎರಡು ದಿನ ತಾವೇ ಸೊಪ್ಪು ಕೊಯ್ದು ಸೊಂಟ ಹಿಡಿಸಿಕೊಂಡರು. ಮೂರನೇ ದಿನ ದೊಡ್ಡಮ್ಮ ಯಾರನ್ನೂ ಕೇಳದೆ ಬೆಳಗಿನ ಜಾವ ಕಾಲೋನಿ ಹತ್ತಿರ ಹೋಗಿ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದರು. ಒಂದು ಮನೆ ಕರೆದ ಮೇಲೆ ಎಲ್ಲರೂ ಕರೆದರು. ಮಾತು ಮಾತ್ರ ಇರಲಿಲ್ಲ.

ಈ ಮೌನದಲ್ಲಿ ನಾನು ಒಂದು ಎಡವಟ್ಟು ಮಾಡಿದೆ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಸೌಹಾರ್ದದ ಗೀತಗಾಯನ. "ನಾವೆಲ್ಲ ಒಂದೇ" ಅನ್ನುವ ಧಾಟಿಯ ಹಾಡು, ಬರೆದದ್ದು ನಾನೇ, ರಾಗ ಹಾಕಿದ್ದೂ ನಾನೇ. ಊರವರ ಮಕ್ಕಳು, ಕಾಲೋನಿ ಮಕ್ಕಳು ಕೈ ಕೈ ಹಿಡಿದು ಹಾಡಬೇಕು. ಎಲ್ಲ ಚೆನ್ನಾಗಿಯೇ ಹಾಡಿದರು. ಚಪ್ಪಾಳೆ ಬಿತ್ತು, ಫೋಟೋ ತೆಗೆದರು. ಮಿಠಾಯಿ ತಗೊಳ್ಳುವಾಗ ಕಾಲೋನಿಯ ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ: "ಸಾರ್, ಇದನ್ನ ನಮ್ಮ ಕೈಲಿ ಯಾಕೆ ಹಾಡಿಸಿದ್ರಿ? ನಾವು ಯಾವತ್ತು ಬೇರೆ ಅಂದಿದ್ವಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹಾಡನ್ನು ಮತ್ತೆ ಹಾಡಿಸಲಿಲ್ಲ.

ಕೊಟ್ಟಿಗೆಯಿಂದ ಜಗಲಿಗೆ

ಮುಂದಿನದು ನನ್ನ ಐಡಿಯಾ ಅಲ್ಲ. ಪ್ರತಿಭಾ ಕಾರಂಜಿಗೆ ಜಾನಪದ ನೃತ್ಯ ಕಲಿಯುತ್ತಿದ್ದ ಎಂಟು ಹುಡುಗಿಯರು, ಪೆನ್‌ಡ್ರೈವ್ ಹಾಡಿಗೆ ಕುಣಿದು ಕುಣಿದು ಬೇಜಾರಾಗಿ, ನಾವೇ ತಮಟೆ ಬಾರಿಸಿಕೊಂಡು ಕುಣಿಯುತ್ತೇವೆ ಅಂದರು. ಎಂಟರಲ್ಲಿ ಮೂವರು ಕಾಲೋನಿಯವರು. ಒಬ್ಬಳು ನಮ್ಮ ದೊಡ್ಡಪ್ಪನ ಮೊಮ್ಮಗಳು.

ಕಲಿಸಲು ಸೆಟ್ಟಿನ ಹುಡುಗನನ್ನೇ ಕರೆದೆವು. ಶನಿವಾರ ಮಧ್ಯಾಹ್ನ ಅವನು ಮೈದಾನದ ಮೂಲೆಯಲ್ಲಿ ಒಂದು ಹಿಡಿ ಒಣ ಹುಲ್ಲು ಹೊತ್ತಿಸಿ ತಮಟೆಯ ಮುಖವನ್ನು ಉರಿಗೆ ತೋರಿಸುತ್ತಿದ್ದ. ಸುತ್ತ ಹುಡುಗಿಯರು ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಮೊದಲು ಬೆರಳಿನಿಂದ ತಟ್ಟಿದರೆ ಒದ್ದೆ ಗೋಣಿ ಹೊಡೆದ ಹಾಗೆ ದಪ್ಪನೆಯ ಸದ್ದು. ಚರ್ಮ ಕಾಯುತ್ತಾ ಬಿಗಿಯಾಗುತ್ತಾ ಸದ್ದು ತೆಳ್ಳಗಾಗಿ, ಕೊನೆಗೆ ಕಂಚಿನ ತಟ್ಟೆ ಬಿದ್ದಂತೆ ಠಣ್ ಅನ್ನುವುದು. ಆಗ ಅವನು ಕೆನ್ನೆ ಹತ್ತಿರ ಹಿಡಿದು ಬಿಸಿ ನೋಡುವನು. ಒಂದು ಕ್ಷಣ ಜಾಸ್ತಿ ಕಾಯಿಸಿದರೆ ಚರ್ಮ ಸೀಳುತ್ತದೆ. ಬಲಗೈಗೆ ಮೋಟು ಕೋಲು, ಎಡಗೈಗೆ ಸಣ್ಣ ಬಿದಿರು ಕಡ್ಡಿ. ಕೋಲು ನಡೆ ಹೇಳುತ್ತದೆ, ಕಡ್ಡಿ ನಡುವಿನ ಸಂದು ತುಂಬುತ್ತದೆ. "ಮೊದಲು ಬಾಯಲ್ಲಿ ಬರಲಿ, ಆಮೇಲೆ ಕೈಗೆ" ಅನ್ನುತ್ತಿದ್ದ. ಎಂಟೂ ಜನ "ಜಗ್ಗಣಕ ಜಗ್ಗಣಕ" ಅಂತ ಬಾಯಿಪಾಠ ಮಾಡಿದರು. ಅದುವರೆಗೆ ಯಾರೂ ಅವನನ್ನು ಮೇಷ್ಟ್ರು ಅಂದಿರಲಿಲ್ಲ. ಹುಡುಗಿಯರು ಮೊದಲ ದಿನವೇ ಸಾರ್ ಅಂದರು. ಅವನು ಒಂದು ಸಲ ಹಿಂದೆ ತಿರುಗಿ ನೋಡಿದ, ನನ್ನನ್ನು ಕರೆದರೇನೋ ಅಂತ.

ದೊಡ್ಡಪ್ಪನ ಮೊಮ್ಮಗಳು ಅಭ್ಯಾಸಕ್ಕೆ ಅಂತ ಒಂದು ತಮಟೆ ಮನೆಗೆ ತಂದಳು. ದೊಡ್ಡಮ್ಮ ಹೊಸಿಲಲ್ಲೇ ತಡೆದರು. ಹೆಣದ ಮುಂದೆ ಬಾರಿಸುವ ಚರ್ಮ ಮನೆಯೊಳಗೆ ಬೇಡ, ಕೊಟ್ಟಿಗೆಯಲ್ಲಿಡು. ಹುಡುಗಿ ದಿನಾ ರಾತ್ರಿ ಕೊಟ್ಟಿಗೆಯಲ್ಲಿ ಎಮ್ಮೆ ಮುಂದೆ ನಿಂತು ಬಾರಿಸುತ್ತಿದ್ದಳು. ವಾರ ಕಳೆದ ಮೇಲೆ ದೊಡ್ಡಪ್ಪ ನನಗೆ ಹೇಳಿದರು: "ಆ ಮಗೀಗೆ ಹೇಳಪ್ಪ, ಎಡಗೈ ಕಡ್ಡಿ ತಡ ಆಗ್ತೈತೆ." ಅರವತ್ತು ವರ್ಷ ಕೇಳಿದ ಕಿವಿ ಅಲ್ವಾ. ಒಂದು ಸಲವೂ ಮುಟ್ಟದ ವಾದ್ಯದ ಪೆಟ್ಟು ಅವರಿಗೆ ಅಷ್ಟೊಂದು ಗೊತ್ತಿತ್ತು.

ಆಮೇಲೆ ಕೊಟ್ಟಿಗೆಯಲ್ಲಿ ಹೆಗ್ಗಣ ಚರ್ಮದ ಅಂಚು ಕಡಿಯಿತು. ದುಡ್ಡು ಕೊಟ್ಟು ರಿಪೇರಿ ಮಾಡಿಸಬೇಕಲ್ಲ ಅಂತ ತಮಟೆ ಜಗಲಿಗೆ ಬಂತು, ಗೋಡೆ ಮೊಳೆಗೆ ನೇತುಬಿತ್ತು. ನಡುಮನೆಗೆ ಬರಲಿಲ್ಲ.

ಹುಡುಗಿಯರಿಗೆ ತಾಲ್ಲೂಕು ಮಟ್ಟದಲ್ಲಿ ಎರಡನೇ ಬಹುಮಾನ. ಜಿಲ್ಲೆಗೆ ಹೋಗಲಿಲ್ಲ.

2024ರ ಹಬ್ಬ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು, ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಬೋರ್‌ವೆಲ್‌ಗಳು ಒಂದೊಂದೇ ಗಾಳಿ ಉಗುಳಿದವು. ಹಿಪ್ಪುನೇರಳೆ ಒಣಗಿತು. ಹವಾಮಾನದವರು ಎಲ್ ನಿನೊ ಅಂದರು. ಊರವರು ಅಂದದ್ದು ಬೇರೆ: ಅಮ್ಮ ಮುನಿದಿದ್ದಾಳೆ, ಹಬ್ಬ ಸರಿಯಾಗಿ ಆಗಲಿಲ್ಲ. ಈ ಮಾತನ್ನು ಮೊದಲು ಎತ್ತಿದವರು ಪೂಜಾರಪ್ಪ. ನಾನು ವಿಜ್ಞಾನದ ಪರ ಇರುವವನೇ. ಆದರೂ ಆಗ ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕಂದರೆ ಒಳಗೊಳಗೆ ಖುಷಿಯೇ ಆಯಿತು.

ಯುಗಾದಿ ಆದ ಮೇಲೆ ಮತ್ತೆ ಅರಳೀಕಟ್ಟೆ. ಈ ಸಲ ಮಾತಿಗೆ ಕರೆದವರು ಊರವರು. ಕೂಲಿ ಅರ್ಧ ಗಂಟೆಯಲ್ಲಿ ತೀರ್ಮಾನ ಆಯಿತು. ದೀಪದ ಮಾತು ರಾತ್ರಿ ಹನ್ನೊಂದರವರೆಗೂ ಎಳೆಯಿತು. ಕೊನೆಗೆ ಒಬ್ಬರು, ಬೇಸತ್ತು ಹೇಳಿದ್ದೋ ಯೋಚಿಸಿ ಹೇಳಿದ್ದೋ ಗೊತ್ತಿಲ್ಲ, ಯಾರು ಮೊದಲು ಬರುತ್ತಾರೋ ಅವರು ಮುಂದೆ ನಿಲ್ಲಲಿ ಅಂದರು. ಎಲ್ಲರಿಗೂ ನಿದ್ದೆ ಬಂದಿತ್ತು. ಒಪ್ಪಿದರು.

ವೀಳ್ಯ ಕೊಡುವುದು ದೊಡ್ಡಪ್ಪನ ಪಾಲಿಗೆ ಬಂತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಕಾಲೋನಿಯವರಿಗೆ ಏನೇ ಕೊಟ್ಟರೂ ಮೇಲಿನಿಂದ ಬಿಡುವ ಕೈ ಅದು. ಅವರು ಎಲೆ, ಅಡಿಕೆ, ಬಾಳೆಹಣ್ಣು, ದುಡ್ಡು ಎಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು ಎರಡೂ ಕೈಯಲ್ಲಿ ತಟ್ಟೆ ಚಾಚಿದರು. ಹುಡುಗ ಎರಡೂ ಕೈಯಲ್ಲಿ ಈಸಿಕೊಂಡ. ಬೀಗರಿಗೆ ಕೊಡುವ ಮರ್ಯಾದೆಯೂ ಹಾಗೇ, ತಟ್ಟೆಯಲ್ಲೇ. ಹಾಗೆ ಕೊಟ್ಟರೆ ಕೈಗೆ ಕೈ ತಾಗುವುದೂ ಇಲ್ಲ. ಯಾವುದು ಅಂತ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಹಬ್ಬದ ದಿನ ಕಾಲೋನಿ ಹೆಂಗಸರು ಮಧ್ಯಾಹ್ನ ಮೂರಕ್ಕೇ ದೀಪ ಹೊತ್ತು ಬಂದು ಸಾಲಿನ ಮೊದಲಿಗೆ ನಿಂತುಬಿಟ್ಟರು! ಬಿಸಿಲಿಗೆ ತಂಬಿಟ್ಟು ಬೆವರುತ್ತಿತ್ತು. ನಮ್ಮ ಹೆಂಗಸರು ಐದಕ್ಕೆ ಬಂದು ನೋಡಿ ಸ್ವಲ್ಪ ಗೊಣಗಿ ಹಿಂದೆ ನಿಂತರು. ನಾಲ್ಕು ಮನೆಯವರು ದೀಪ ವಾಪಸ್ ತಗೊಂಡು ಹೋದರು. ಗುಡಿಯೊಳಗೆ ಯಾರು ಹೋಗುವುದು ಅನ್ನುವ ಪ್ರಶ್ನೆ ಬಂದಾಗ ಪೂಜಾರಪ್ಪ ಜಾಣತನ ಮಾಡಿದರು. ತಾವೇ ಬಾಗಿಲಿಗೆ ಬಂದು ಎಲ್ಲರ ದೀಪವನ್ನೂ ಹೊರಗೇ ಬೆಳಗಿದರು. ಆ ವರ್ಷ ಯಾರೂ ಒಳಗೆ ಹೋಗಲಿಲ್ಲ, ನಮ್ಮವರೂ.

ರಾತ್ರಿ ಚಪ್ಪರದ ಕೆಳಗೆ ತಮಟೆ. ನಡೆ ಏರುತ್ತಾ ಹೋಗಿ ಹತ್ತು ನಿಮಿಷಕ್ಕೆ ಪೂಜಾರಪ್ಪನ ಭುಜ ನಡುಗಲು ಶುರುವಾಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಜನರನ್ನು ಸರಿಸಿಕೊಂಡು ಬಂದರು. ಕಾಲೋನಿಯ ತಾತ. ಹುಡುಗನ ಕೈಯಿಂದ ತಮಟೆ ಕಿತ್ತುಕೊಂಡು ತಾವೇ ಬಾರಿಸಿದರು. ಅದನ್ನು ನಾನು ವರ್ಣಿಸಲಾರೆ. ಹುಡುಗರೂ ಕೈ ನಿಲ್ಲಿಸಿ ನೋಡಿದರು.

ಊರು ಬದಲಾಯಿತಾ ಅಂತ ಕೇಳುತ್ತಾರೆ. ಭಜನೆ ಮನೆಯ ಹೊಸಿಲು ಹಾಗೇ ಇದೆ. ಟೀ ಅಂಗಡಿಯಲ್ಲಿ ಪೇಪರ್ ಕಪ್ ಬಂದಿದೆ, ಹಾಗಾಗಿ ಎರಡು ಲೋಟದ ಪ್ರಶ್ನೆ ಏಳುವುದೇ ಇಲ್ಲ. ಸಾವಿನ ಮನೆಗೆ ಹುಡುಗರು ಈಗ ಕಾಲೋನಿಗೂ ಊರಿಗೂ ಒಂದೇ ರೇಟು ಮಾಡಿದ್ದಾರೆ. ಫ್ಯಾಕ್ಟರಿ ಹುಡುಗ ಹಬ್ಬಕ್ಕೆ ಬರುವುದೇ ಇಲ್ಲ, ಅವನ ಸಿಟ್ಟು ಅವನ ಹತ್ತಿರವೇ ಇದೆ. ಶಾಲೆಯ ತಮಟೆ ತಂಡಕ್ಕೆ ಸಾಮರಸ್ಯ, ಭಾವೈಕ್ಯ ಅಂತೆಲ್ಲ ಹೆಸರಿಡೋಣ ಅಂತ ಒಬ್ಬರು ಬಂದಿದ್ದರು. ಹುಡುಗಿಯರು ಬೇಡ ಅಂದರು.

ಮುಂದಿನ ಹಬ್ಬಕ್ಕೆ ಮಾತುಕತೆ ನಡೆದಾಗ ನಾನು ಊರಲ್ಲೇ ಇದ್ದೆ. ಸೆಟ್ಟಿನವರು ಫೈಬರ್ ಹಾಳೆಯ ತಮಟೆ ತಂದಿದ್ದರು. ಕಾಯಿಸುವ ಕೆಲಸ ಇಲ್ಲ, ಬೋಲ್ಟು ಬಿಗಿದರೆ ಸಾಕು. ಮೇಲಿಂದ ರೇಟೂ ಜಾಸ್ತಿ ಕೇಳಿದರು.

"ಚರ್ಮದ್ದು ತಂದ್ರೆ ಕೊಡ್ತೀನಿ. ಈ ಪ್ಲಾಸ್ಟಿಕ್‌ಗೆ ಒಂದು ಪೈಸಾ ಜಾಸ್ತಿ ಇಲ್ಲ" ಅಂದರು ದೊಡ್ಡಪ್ಪ.

"ಚರ್ಮದ್ದಾದ್ರೆ ಹುಲ್ಲು ನೀವೇ ಕೊಡ್ಬೇಕು ಗೌಡ್ರೇ, ಮೇಲೆ ಐನೂರು."

"ಮುನ್ನೂರು."

ನಾನು ಬಸ್ಸಿಗೆ ಹೊರಟಾಗ ಇನ್ನೂ ನಾನೂರರ ಹತ್ತಿರ ಜಗ್ಗಾಡುತ್ತಿದ್ದರು.